ಒಂದೇ ಬಟನ್ನಿನ ಆಟ

೧೪ ಅಕ್ಟೋಬರ್ ೧೯೮೬, ಮಂಗಳವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ಮನೆ ಎಂದರೆ ಕೊಟ್ಟಾರದಲ್ಲಿರುವ ನನ್ನ ಗಂಡ ತಾರಾನಾಥರ ತಾಯಿಯ ಮನೆ. ನನ್ನ ಅಮ್ಮ ಬದುಕಿದ್ದರೆ ಅವರಲ್ಲಿಗೇ ಹೋಗುತ್ತಿದ್ದೆ. ಗರ್ಭ ಜಾರದಂತೆ ಡಾಕ್ಟರ್ ಕ್ರಿಸ್ಟಿನ್ ಹೊಲಿಗೆ ಹಾಕಿದ್ದಾರೆ. ಇನ್ನು ಹೆರಿಗೆಯವರೆಗೂ ಮಲಗಿಯೇ ಇರಬೇಕಂತೆ. ಬ್ಯಾಂಕಿಗೆ ರಜೆ ಬರೆದು ಕಳಿಸಿಯಾಯಿತು.

ಮಂಚವನ್ನು ಚಾವಡಿಗೆ ತಂದು ಹಾಕಿದ್ದಾರೆ, ಅಡುಗೆ ಮನೆಯಿಂದ ನನ್ನ ಮೇಲೆ ಕಣ್ಣಿಡಲು ಸುಲಭವಾಗಲಿ ಎಂದು. ಕಾಲಿನ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾರೆ. ತಲೆ ಕೆಳಗೆ, ಕಾಲು ಮೇಲೆ. ಪೆನ್ನಿನ ಶಾಯಿ ಇಳಿಯುವುದಿಲ್ಲ, ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿದೆ. ಈ ಸಲ ಇದರ ಬಗ್ಗೆ ಏನನ್ನೂ ಯೋಚಿಸುವುದಿಲ್ಲ. ಹೆಸರು, ಬಟ್ಟೆ, ತೊಟ್ಟಿಲು, ಯಾವುದೂ ಬೇಡ.

೧೯ ಅಕ್ಟೋಬರ್

ಅತ್ತೆ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ. ಗಂಜಿ ತಂದಿಡುತ್ತಾರೆ, ಬಟ್ಟಲು ತೆಗೆದುಕೊಂಡು ಹೋಗುತ್ತಾರೆ. "ಎಂತಾದ್ರೂ ಬೇಕಾ?" "ಬೇಡ." ಇಡೀ ದಿನಕ್ಕೆ ಇಷ್ಟೇ.

ಎರಡನೆಯ ಸಲ ಆದಾಗ ಆಸ್ಪತ್ರೆಯ ಬಾಗಿಲ ಹೊರಗೆ ನಿಂತು ಯಾರಿಗೋ ಹೇಳುತ್ತಿದ್ದರು: "ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬ್ಯಾಂಕಿಗೆ ಹೋದ್ರೆ ಇನ್ನೆಂತ ಆಗ್ತದೆ?" ಒಳಗಿದ್ದ ನನಗೆ ಕೇಳಿಸಿತ್ತು. ಇವತ್ತಿಗೂ ಕೇಳಿಸುತ್ತದೆ.

ಹೆಂಚಿನ ಮಾಡಿನಲ್ಲಿ ಒಂದು ಗಾಜಿನ ಹೆಂಚು ಉಂಟು. ಅದರ ಬಿಸಿಲು ಗೋಡೆಯ ಮೇಲೆ ಸರಿಯುವುದನ್ನು ನೋಡುತ್ತಾ ಮಧ್ಯಾಹ್ನ ಕಳೆಯುತ್ತೇನೆ. ಟಿವಿ ಬರುವುದು ಸಂಜೆಗೆ. ಬಂದ ಮೇಲೂ ಗೊಬ್ಬರದ ವಿಷಯ.

೨೭ ಅಕ್ಟೋಬರ್

ಇವತ್ತು ಬೇಸರ ತಡೆಯಲಾಗದೆ ಅವರನ್ನು ಕರೆದು, ಶೋಕೇಸಿನಲ್ಲಿದ್ದ ವಿಡಿಯೋ ಗೇಮನ್ನು ತೆಗೆಸಿದೆ. ತಾರಾನಾಥರು ಕಳೆದ ರಜೆಗೆ ಶಾರ್ಜಾದಿಂದ ಬರುವಾಗ ತಂದದ್ದು. ತಂದವರೇ ಆಡಿ, ತಾವೇ ಒಳಗಿಟ್ಟು ಹೋಗಿದ್ದರು. ಟಿವಿಯ ಹಿಂದೆ ವಯರು ಎಲ್ಲಿ ಚುಚ್ಚಬೇಕು ಎಂದು ನಾನು ಮಲಗಿದಲ್ಲಿಂದಲೇ ಹೇಳಿದೆ. ಅವರು ಶಾಕ್ ಹೊಡೆದೀತು ಎಂದು ಸೆರಗಿನ ತುದಿಯಲ್ಲಿ ವಯರು ಹಿಡಿದು ಚುಚ್ಚಿದರು.

ಕಪ್ಪು ಪೆಟ್ಟಿಗೆ. ಅದಕ್ಕೆ ಒಂದು ಕೋಲು, ಕೋಲಿನ ಬದಿಯಲ್ಲಿ ಒಂದು ಕೆಂಪು ಬಟನ್. ಎದೆಯ ಮೇಲಿಟ್ಟುಕೊಂಡು ಆಡಬಹುದು. ಅರ್ಧ ಗಂಟೆ ಆಡಿದೆ. ಕೈ ನೋಯಿತು. ಅರ್ಧ ಗಂಟೆ ಹೇಗೆ ಹೋಯಿತೆಂದು ಗೊತ್ತಾಗಲಿಲ್ಲ. ಇಷ್ಟು ದಿನಗಳಲ್ಲಿ ಮೊದಲ ಸಲ.

೮ ನವೆಂಬರ್

ಇದ್ದ ಕ್ಯಾಸೆಟ್ಟುಗಳನ್ನೆಲ್ಲ ಆಡಿ ನೋಡಿಯಾಯಿತು. ಬೇರೆ ಕೆಲಸವಿಲ್ಲದ್ದರಿಂದ ನನ್ನ ಅಭಿಪ್ರಾಯ ಬರೆದಿಡುತ್ತೇನೆ. ಯಾರಿಗೂ ಬೇಕಾದದ್ದಲ್ಲ.

ಆಕಾಶದಿಂದ ಹುಳುಗಳು ಸಾಲುಸಾಲಾಗಿ ಇಳಿಯುವ ಆಟ ನನಗೆ ಆಗುವುದಿಲ್ಲ. ಕೊಂದಷ್ಟೂ ಬೇಗ ಬೇಗ ಬರುತ್ತವೆ. ಎದೆ ಹೊಡೆದುಕೊಳ್ಳುತ್ತದೆ. ಚುಕ್ಕಿ ತಿನ್ನುತ್ತಾ ಓಣಿಯಲ್ಲಿ ಓಡುವ ಆಟ ಚಂದ, ಆದರೆ ತಲೆ ಕೆಳಗಾಗಿ ಮಲಗಿದವಳಿಗೆ ಮೇಲೆ ಯಾವುದು ಕೆಳಗೆ ಯಾವುದು ಎಂದು ತಪ್ಪುತ್ತದೆ. ಕಾರಿನದ್ದು ಬರೀ ಬೋರು. ಉಳಿದದ್ದು ಗೋಡೆ ಒಡೆಯುವ ಆಟ. ಮೇಲೆ ಬಣ್ಣದ ಇಟ್ಟಿಗೆಗಳು, ಕೆಳಗೆ ಒಂದು ಹಲಗೆ. ಚೆಂಡು ಬೀಳದಂತೆ ಹಲಗೆಯನ್ನು ಆಚೆ ಈಚೆ ಸರಿಸಿದರೆ ಮುಗಿಯಿತು. ತಾರಾನಾಥರು "ಇದು ಮಕ್ಕಳ ಆಟ" ಎಂದು ಬದಿಗಿಟ್ಟಿದ್ದರು. ನನಗೆ ಇದೇ ಸಾಕು. ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಬಿದ್ದರೆ ಬಿತ್ತು, ಇನ್ನೊಂದು ಚೆಂಡು ಬರುತ್ತದೆ.

೧೬ ನವೆಂಬರ್

ಅತ್ತೆ ಟಿವಿಯ ಎದುರು ಮೆಟ್ಟುಕತ್ತಿ ಇಟ್ಟುಕೊಂಡು ಅಲಸಂಡೆ ಕೊಚ್ಚುತ್ತಿದ್ದರು. ಆಟ ನೋಡುತ್ತಿಲ್ಲ ಎಂದುಕೊಂಡಿದ್ದೆ. ಒಮ್ಮೆಲೇ "ಬಲಕ್ಕೆ! ಬಲಕ್ಕೆ!" ಎಂದರು. ನಾನು ಹೆದರಿ ಎಡಕ್ಕೆ ಎಳೆದೆ. ಚೆಂಡು ಹೋಯಿತು.

"ನಾನು ಬಲಕ್ಕೆ ಅಂದೆ."

"ಹಾಗಾದ್ರೆ ನೀವೇ ಆಡಿ."

ಕೋಪದಿಂದಲೇ ಹೇಳಿದ್ದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಇನ್ನೊಂದು ಕೋಲನ್ನು ತೆಗೆದುಕೊಂಡೇ ಬಿಟ್ಟರು. ನನ್ನದೊಂದು ಸರದಿ, ಅವರದೊಂದು. ಮೊದಲ ಮೂರೂ ಚೆಂಡು ನೋಡನೋಡುತ್ತಾ ಬಿದ್ದವು. "ಇದಕ್ಕಿಂತ ಚೆನ್ನೆಮಣೆ ಕಷ್ಟ" ಎಂದರು, ಸೋತದ್ದೇ ಗೊತ್ತಾಗದವರಂತೆ. ಪಲ್ಯ ಸ್ವಲ್ಪ ಅಡಿ ಹಿಡಿದಿತ್ತು.

೨೪ ನವೆಂಬರ್

ಅತ್ತೆ, ಎಂದರೆ ರತ್ನಾವತಿ ಮಾಮಿ, ಆಡುವಾಗ ಮಾತಾಡುತ್ತಾರೆ. ಬೇರೆ ಹೊತ್ತಿನಲ್ಲಿ ಇಲ್ಲ. ಕಣ್ಣು ಟಿವಿಯ ಮೇಲೆ, ಕೈ ಕೋಲಿನ ಮೇಲೆ. ಬಾಯಿ ಮಾತ್ರ ಬಿಡುವಾಗಿರುತ್ತದೆ. ಬೈಕಂಪಾಡಿಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಪಕ್ಕದ ಮನೆಯ ಗ್ರೆಗರಿ ಪೊರ್ಬುಗಳ ನಾಯಿಯ ವಿಷಯ, ಮೀನಿನ ವಿಷಯ ಹೇಳುತ್ತಾ ಇವತ್ತು, ಹಾಗೇ, ದನಿ ಬದಲಿಸದೆ:

"ತಾರಾನಾಥ ಹುಟ್ಟುವ ಮೊದ್ಲು ನನಗೆ ಮೂರು ಹೋಗಿತ್ತು."

ನನ್ನ ಸರದಿಯಾಗಿತ್ತು. ಕೈ ನಿಂತಿತು.

"ಆಡು, ಆಡು. ಚೆಂಡು ಬರ್ತಾ ಉಂಟು."

ಆಡಿದೆ.

"ನಾನು ಬಾವಿಯಿಂದ ನೀರು ಸೇದಿದ್ದಕ್ಕೆ ಹೋದದ್ದು ಅಂತ ನನ್ನ ಅತ್ತೆ ಊರಿಗೆಲ್ಲ ಹೇಳಿದ್ರು. ನೀರು ಸೇದದೆ ಮನೆ ನಡೆಯುದು ಹೇಗೆ? ಆಮೇಲೆ ನಾನೂ ಅದನ್ನೇ ಹೇಳಿದೆ, ನಿನಗೆ. ಬಾಯಿಗೆ ಬಂತು."

ಕ್ಷಮಿಸು ಎನ್ನಲಿಲ್ಲ. ನಾನೂ ಪರವಾಗಿಲ್ಲ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಸರದಿ ಬಂತು. ಒಂದು ಮೂಲೆಯಲ್ಲಿ ಗೋಡೆ ತೂತಾಗಿ, ಚೆಂಡು ಮೇಲೆ ನುಗ್ಗಿ, ತಾನಾಗಿಯೇ ಟಕಟಕ ಇಟ್ಟಿಗೆ ಒಡೆಯತೊಡಗಿತು. ಇಬ್ಬರೂ ಕೋಲು ಕೆಳಗಿಟ್ಟು ನೋಡಿದೆವು.

೩ ಡಿಸೆಂಬರ್

ಬೆನ್ನು ನೋವು. ಕರೆಂಟಿಲ್ಲ. ಬರೆಯಲು ಏನೂ ಇಲ್ಲ.

೧೪ ಡಿಸೆಂಬರ್, ಭಾನುವಾರ

ಶಾರ್ಜಾದಲ್ಲಿ ತಾರಾನಾಥರ ರೂಮಿನಲ್ಲೇ ಇರುವ ಅಬ್ದುಲ್ ರಹ್ಮಾನ್ ರಜೆಯಲ್ಲಿ ಊರಿಗೆ ಬಂದಿದ್ದಾನೆ. ಇವತ್ತು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದ. ಹೊಸ ವಿಡಿಯೋ ಗೇಮ್.

"ಹಳೆಯದು ಈಗ ಯಾರೂ ಆಡುದಿಲ್ಲ ಅಕ್ಕ. ಇದು ಭಾರೀ ಎಡ್ವಾನ್ಸ್. ತಾರಾನಾಥಣ್ಣ ನಾಲ್ಕು ಅಂಗಡಿ ಸುತ್ತಿ ತೆಗ್ದದ್ದು."

ಇದರಲ್ಲಿ ಕೋಲಿಲ್ಲ. ಕೈಯಲ್ಲಿ ಹಿಡಿಯುವುದು ಬ್ಯಾಂಕಿನ ಕ್ಯಾಲ್ಕುಲೇಟರ್‌ನಂತೆ ಉಂಟು. ಸಾಲುಸಾಲು ನಂಬರಿನ ಬಟನ್, ಬದಿಗಳಲ್ಲಿ ಮತ್ತೆ ಬಟನ್, ಕೆಳಗೆ ಒಂದು ತಟ್ಟೆ. ಒಂದೊಂದು ಆಟಕ್ಕೂ ಬಟನ್ನಿನ ಮೇಲೆ ಹಾಕಲು ಬೇರೆ ಬೇರೆ ಪ್ಲಾಸ್ಟಿಕ್ ಹಾಳೆ. ಓದಿ ಕಲಿಯಲು ಪುಸ್ತಕ.

ಅಬ್ದುಲ್ ರಹ್ಮಾನ್ ನೆಲದಲ್ಲಿ ಚಕ್ಕಳಮಕ್ಕಳ ಕೂತು ಆಡಿ ತೋರಿಸಿದ. ಒಂದು ದ್ವೀಪವಂತೆ, ನಾವು ಅದರ ರಾಜ. ಬೆಳೆ ಬೆಳೆಸಬೇಕು, ದೋಣಿ ಬಿಡಬೇಕು, ಜನ ದಂಗೆ ಏಳದಂತೆ ನೋಡಿಕೊಳ್ಳಬೇಕು. ಮಾಮಿ ನಿಂತು ನೋಡಿದರು.

"ನಿಜವಾದ ಗದ್ದೆಯೇ ಭೂಮಸೂದೆಯ ಡಿಕ್ಲರೇಶನ್‌ನಲ್ಲಿ ಒಕ್ಕಲಿಗೆ ಹೋಯ್ತು. ಇನ್ನು ಟಿವಿಯೊಳಗೆ ಎಂತ ಬೇಸಾಯ ಮಾರಾಯ?"

ಅವನು ನಕ್ಕ. ಆದರೆ ಆಡುವಾಗ ನಗಲಿಲ್ಲ, ಮಾತಾಡಲೂ ಇಲ್ಲ. ಮಾಮಿ ಚಾ ತಂದಿಟ್ಟದ್ದೂ ಅವನಿಗೆ ಗೊತ್ತಾಗಲಿಲ್ಲ. ಚಾ ತಣ್ಣಗಾದ ಮೇಲೆ ಕೇಳಿದೆ, "ಅವರು ಯಾವಾಗ ಬರ್ತಾರಂತೆ?"

ಅವನು ಬಟನ್ ಒತ್ತುವುದನ್ನು ನಿಲ್ಲಿಸಿದ.

"ರಜೆ ಸಿಗುದಿಲ್ಲ ಅಂತ ನನಗೆ ಬರ್ದಿದ್ದಾರೆ" ಎಂದೆ.

"ರಜೆ ಉಂಟು ಅಕ್ಕ." ಅಡುಗೆ ಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಅಣ್ಣ ತೆಗೊಳ್ಳುದಿಲ್ಲ. 'ಎರಡು ಸಲವೂ ನಾನು ಊರಲ್ಲಿದ್ದಾಗಲೇ ಆದದ್ದು, ಈ ಸಲ ನಾನು ಹತ್ರವೇ ಹೋಗುದಿಲ್ಲ' ಅಂತಾರೆ. ಕೆಲಸ ಮುಗಿಸಿ ಬಂದ್ರೆ ರೂಮಲ್ಲಿ ಇಂಥದ್ದೇ ಒಂದರೆದುರು ಕೂತುಬಿಡ್ತಾರೆ. ಊಟಕ್ಕೆ ಕರೆದ್ರೂ ಏಳುದಿಲ್ಲ. ನಾನು ಹೇಳಿದೆ ಅಂತ ಹೇಳ್ಬೇಡಿ."

ಅವನು ಹೋದ ಮೇಲೆ ತುಂಬಾ ಸಿಟ್ಟು ಬಂತು. ಹೆದರಿಕೆ ಅವರೊಬ್ಬರಿಗೇ ಇರುವುದಾ? ನನಗೆ ಹೋಗಲು ಬೇರೆ ಊರಿಲ್ಲ. ಇದು ನನ್ನೊಳಗೇ ಉಂಟು.

೧೮ ಡಿಸೆಂಬರ್

ಹೊಸ ಆಟವನ್ನು ನಾವು ಪ್ರಾಮಾಣಿಕವಾಗಿ ಕಲಿಯಲು ನೋಡಿದೆವು. ನಾನು ಪುಸ್ತಕ ಓದಿ ಅರ್ಥ ಹೇಳುವುದು, ಮಾಮಿ ಬಟನ್ ಒತ್ತುವುದು. ಮಲಗಿದವಳಿಗೆ ಎರಡು ಕೈಯಲ್ಲಿ ಆ ಕ್ಯಾಲ್ಕುಲೇಟರನ್ನು ಎತ್ತಿ ಹಿಡಿಯಲು ಆಗುವುದಿಲ್ಲ, ತೋಳು ಬಿದ್ದುಹೋಗುತ್ತದೆ. ಮಾಮಿಗೆ ಇಂಗ್ಲಿಷ್ ನಂಬರು ಹುಡುಕಲು ಕನ್ನಡಕ ಬೇಕು, ಟಿವಿ ನೋಡಲು ಕನ್ನಡಕ ತೆಗೆಯಬೇಕು. ಹಾಕಿ ತೆಗೆದು ಮಾಡುವಷ್ಟರಲ್ಲಿ ದ್ವೀಪದ ಜನ ದಂಗೆ ಎದ್ದಿರುತ್ತಾರೆ.

ಮೂರು ದಿನವೂ ಮನೆಯಲ್ಲಿ ಸದ್ದಿಲ್ಲ. ಆಮೇಲೆ ಹೊಳೆಯಿತು, ಈ ಆಟ ಆಡುವಾಗ ಮಾತಾಡಲು ಆಗುವುದಿಲ್ಲ. ತಲೆಯೆಲ್ಲ ಅದಕ್ಕೇ ಬೇಕು. ಕೆಟ್ಟ ಆಟ ಎನ್ನಲಾರೆ. ನಿಜ ಹೇಳಬೇಕೆಂದರೆ ಆ ಹುಳುವಿನ ಆಟಕ್ಕಿಂತ ಎಷ್ಟೋ ಮೇಲು, ಬುದ್ಧಿ ಇರುವವರು ಮಾಡಿದ್ದು. ಆದರೆ ಒಳ್ಳೆಯ ಆಟ ಎಂದರೆ ಆಡುತ್ತಾ ಮಾತಾಡಲು ಬರಬೇಕು ಎಂದು ನನಗೆ ಅನಿಸುತ್ತದೆ. ಮಾತೇ ಬೇಡ ಎನಿಸಿದವರಿಗೆ ಈ ಹೊಸದು ಸರಿ. ಶಾರ್ಜಾದ ರೂಮಿನಲ್ಲಿ, ಗೋಡೆಯ ಕಡೆ ಮುಖ ಮಾಡಿ, ಊಟಕ್ಕೆ ಕರೆದರೂ ಕೇಳಿಸಿಕೊಳ್ಳದೆ ಕೂರುವವರಿಗೆ. ಪಾಪ ಎಂದು ಬರೆಯಲು ಹೊರಟಿದ್ದೆ. ಬರೆಯುವುದಿಲ್ಲ.

ಸಂಜೆ ಮಾಮಿ ಅದನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಕಪಾಟಿನ ಮೇಲಿಟ್ಟರು. ಹಳೆಯ ಕೋಲು ಹೊರಗೆ ಬಂತು. ಮೊದಲ ಚೆಂಡು ಬೀಳುವ ಮೊದಲೇ ಬಂಗುಡೆ ಮೀನಿನ ಕತೆ ಶುರು.

೨೧ ಡಿಸೆಂಬರ್, ಭಾನುವಾರ

ತಾರಾನಾಥರ ಫೋನು ತಿಂಗಳಿಗೊಮ್ಮೆ ಗ್ರೆಗರಿ ಪೊರ್ಬುಗಳ ಮನೆಗೆ ಬರುತ್ತದೆ. ಮಾಮಿಯೇ ಹೋಗುವುದು. ಇವತ್ತು ಅವರು ಕೂಗಿದ್ದು ನಾನು ಮಲಗಿದಲ್ಲಿಗೂ ಕೇಳಿಸಿತು.

"ನೀನು ಇದ್ದದ್ದರಿಂದ ಎಂತದೂ ಆಗ್ಲಿಲ್ಲ! ನೀನು ಇಲ್ಲದ್ದರಿಂದ ಎಂತದೂ ಸರಿಯಾಗುದೂ ಇಲ್ಲ! ಇನ್ನು ಮಿಶಿನು ಕಳಿಸ್ಬೇಡ!"

ಬಂದವರು ಮುಖ ತೊಳೆದು ನೇರ ಒಲೆಯ ಹತ್ತಿರ ಹೋದರು. ಅಬ್ದುಲ್ ರಹ್ಮಾನ್ ದನಿ ತಗ್ಗಿಸಿದ್ದು ದಂಡವಾಯಿತು, ಅಂದು ಮಾಮಿಗೆ ಎಲ್ಲ ಕೇಳಿಸಿತ್ತು.

೪ ಜನವರಿ ೧೯೮೭

ಡಾಕ್ಟರ್ ಕ್ರಿಸ್ಟಿನ್ ಚರ್ಚಿನಿಂದ ಹಿಂದಿರುಗುವಾಗ ಮನೆಗೆ ಬಂದು ನೋಡಿದರು. ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೇಳಿ, ಮಾಮಿಗೂ ಕೇಳಲು ಕೊಟ್ಟರು. ಮಾಮಿ ಕಿವಿ ಇಟ್ಟು ತುಂಬಾ ಹೊತ್ತು ಬಗ್ಗಿದ್ದರು. ಕೊಳವೆ ಹಿಡಿದ ಅವರ ಬೆರಳು ನನ್ನ ಹೊಟ್ಟೆಗೆ ತಾಗಿ ತಣ್ಣಗೆನಿಸಿತು.

"ಕುದುರೆ ಓಡಿದ ಹಾಗೆ ಉಂಟು ಮಗಾ" ಎಂದರು.

ಸಂಜೆ ಆಡಲಿಲ್ಲ. ಸುಮ್ಮನೆ ಮಾತಾಡುತ್ತಾ ಇದ್ದೆವು. ಟಿವಿ ಹಾಕಲೂ ಮರೆತಿದ್ದೆವು.

೧೧ ಜನವರಿ

ಒಳಗಿನದ್ದಕ್ಕೆ ಮಧ್ಯಾಹ್ನದ ಊಟವಾದ ಕೂಡಲೇ ಒದೆಯುವ ಅಭ್ಯಾಸ. ಎದೆಯಿಂದ ಕೆಳಗೆ ಜಾರಿದ ಕೋಲನ್ನು ಇವತ್ತು ಒದ್ದು ಅಲುಗಾಡಿಸಿತು. ಮಾಮಿ, "ಓ, ಮೂರನೇ ಸರದಿಯೂ ಬಂತು" ಎಂದರು. ನಾವು ಮೂವರೂ ಆಡಿದೆವು ಎಂದೇ ಲೆಕ್ಕ.

೩೧ ಜನವರಿ, ಆಸ್ಪತ್ರೆ

ಮೂರು ದಿನದಿಂದ ಇಲ್ಲಿದ್ದೇನೆ. ಈಗ ಬರೆಯಲು ಆಗುತ್ತಿದೆ.

ಬುಧವಾರ ಮಧ್ಯಾಹ್ನ ಬಾತ್‌ರೂಮಿಗೆ ಎದ್ದಾಗ ರಕ್ತ ಕಂಡಿತು. "ಮಾಮೀ" ಎಂದು ಕೂಗಿದ್ದು ಮಾತ್ರ ನೆನಪು. ಅವರು ನನ್ನನ್ನು ಅಲ್ಲೇ ನೆಲದ ಮೇಲೆ ಮಲಗಿಸಿ, ಕಾಲಡಿಗೆ ಮಣೆ ಕೊಟ್ಟು, ಕಾಲಿಗೆ ಚಪ್ಪಲಿಯೂ ಇಲ್ಲದೆ ಪಕ್ಕದ ಮನೆಗೆ ಓಡಿದರು. ಪುಣ್ಯಕ್ಕೆ ಗ್ರೆಗರಿ ಪೊರ್ಬುಗಳು ಊಟಕ್ಕೆ ಮನೆಗೆ ಬಂದಿದ್ದರು. ಅವರ ವರ್ಕ್‌ಶಾಪಿನ ಮೆಟಡೋರ್ ಗೇಟಿನ ಹತ್ತಿರ ಇತ್ತು. ಹಿಂದೆ ಸಾಮಾನು ಹಾಕುವ ಜಾಗದಲ್ಲಿ ಹಾಸಿಗೆ ಹಾಸಿ ನನ್ನನ್ನು ಮಲಗಿಸಿದರು. ಮಾಮಿ ನನ್ನ ಎರಡೂ ಕಾಲನ್ನು ತಮ್ಮ ಮಡಿಲಿಗೆ ಎತ್ತಿಕೊಂಡು ಕೂತರು.

ಹೈವೇಯಲ್ಲಿ ಲಾರಿಗಳು. ನಂತೂರಿನಲ್ಲಿ ನಿಂತು, ಪಂಪ್‌ವೆಲ್‌ನಲ್ಲಿ ಮತ್ತೆ ನಿಂತು. ಗ್ರೆಗರಿ ಪೊರ್ಬುಗಳು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಗಾಡಿಯ ನೆಲದಿಂದ ಗ್ರೀಸಿನ ವಾಸನೆ ಬರುತ್ತಿತ್ತು. ನಾನು ಕಣ್ಣು ಮುಚ್ಚಿ ಅದು ಒದೆಯುವುದನ್ನೇ ಕಾಯುತ್ತಿದ್ದೆ. ಒದೆಯಲಿಲ್ಲ.

"ಮಾಮಿ, ಎಂತಾದ್ರೂ ಮಾತಾಡಿ."

ಅವರು ಬಂಗುಡೆ ಪುಳಿಮುಂಚಿಗೆ ಎಷ್ಟು ಮೆಣಸು ಹಾಕಬೇಕು, ಹುಳಿ ಯಾವಾಗ ಹಾಕಬೇಕು ಎಂದು ಹೇಳತೊಡಗಿದರು. ಆಸ್ಪತ್ರೆಯ ಮೆಟ್ಟಿಲು ಬರುವವರೆಗೂ ಹೇಳುತ್ತಲೇ ಇದ್ದರು. ಸ್ಟ್ರೆಚರಿಗೆ ಹಾಕುವಾಗ ಒದೆಯಿತು. ಒಂದೇ ಸಲ. ಆದರೆ ಒದೆಯಿತು.

೯ ಫೆಬ್ರವರಿ

ಡ್ರಿಪ್ಪು. ಎಡಗೈ ಊದಿದೆ. ಮಾಮಿ ನೆಲದಲ್ಲಿ ಚಾಪೆ ಹಾಸಿ ಮಲಗುತ್ತಾರೆ, ಮನೆಗೆ ಹೋಗಿ ಎಂದರೆ ಕಿವಿ ಕೇಳಿಸದವರಂತೆ ಮಾಡುತ್ತಾರೆ. ಪಕ್ಕದ ಬೆಡ್ಡಿನವಳು ಕೇಳಿದಳು, "ಅಮ್ಮ ಒಬ್ಬರೇ ನೋಡಿಕೊಳ್ಳುದಾ?" "ಹೌದು" ಎಂದೆ.

೧೭ ಫೆಬ್ರವರಿ

ಸಾಕಾಗಿದೆ.

೨೬ ಫೆಬ್ರವರಿ

ಮೊನ್ನೆ ಮಂಗಳವಾರ ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು. ದಿನ ತುಂಬಿರಲಿಲ್ಲ. ಕೋಳಿಮರಿಯಂತೆ ಉಂಟು, ಬಿಸಿಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅತ್ತಿದ್ದಾಳೆ. ಸಣ್ಣ ದನಿ, ಆದರೆ ಅತ್ತಿದ್ದಾಳೆ. ಉಸಿರಾಟ ಸರಿ ಉಂಟು, ತೂಕ ಏರಬೇಕು ಎಂದರು ಡಾಕ್ಟರ್ ಕ್ರಿಸ್ಟಿನ್.

ಮಾಮಿ ಗಾಜಿನ ಹತ್ತಿರ ನಿಂತು ನೋಡಿ ಬಂದು ನನ್ನ ಮಂಚದ ತುದಿಯಲ್ಲಿ ಕೂತರು.

"ನಿನ್ನ ಅಮ್ಮನ ಬರಿ ಮುಂದುವರಿಯಿತು ಶಶೀ" ಎಂದರು.

ನಮ್ಮಲ್ಲಿ ಮಗು ತಾಯಿಯ ಬರಿಗೆ, ಎಂದರೆ ತಾಯಿಯ ಕಡೆಯ ವಂಶಕ್ಕೆ, ಸೇರುವುದು. ಮಾಮಿಗೆ ಹೆಣ್ಣು ಮಕ್ಕಳಿಲ್ಲ, ಅವರ ಬರಿ ತಾರಾನಾಥರಲ್ಲಿಗೆ ಮುಗಿಯುತ್ತದೆ. ಇಷ್ಟು ತಿಂಗಳು ಅವರು ಮೈ ಮುರಿದು ದುಡಿದದ್ದು, ತಾವು ಒಂದೆರಡು ಸಲ ಕಂಡಿದ್ದ, ಈಗ ಇಲ್ಲದ ಹೆಂಗಸಿನ ವಂಶಕ್ಕೆ. ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದುದು ದುಃಖದಿಂದ ಅಲ್ಲ. ನಾನು ಕೈ ಹಿಡಿದುಕೊಂಡೆ. ಮೆಟ್ಟುಕತ್ತಿ ತಾಗಿದ ಗೆರೆಗಳು ತುಂಬಿದ ಬೆರಳು.

ತಾರಾನಾಥರಿಗೆ ತಂತಿ ಕೊಟ್ಟದ್ದು ಗ್ರೆಗರಿ ಪೊರ್ಬುಗಳು.

೨೨ ಮಾರ್ಚ್, ಕೊಟ್ಟಾರ

ಮಗು ಮನೆಗೆ ಬಂದು ನಾಲ್ಕು ದಿನವಾಯಿತು. ಘಳಿಗೆಗೊಮ್ಮೆ ಹಾಲು, ಘಳಿಗೆಗೊಮ್ಮೆ ಬಟ್ಟೆ. ಹೀರುವಷ್ಟು ಶಕ್ತಿ ಇನ್ನೂ ಇಲ್ಲ, ಹಿಂಡಿ ಚಮಚದಲ್ಲಿ ಕುಡಿಸಬೇಕು. ಕೂತಲ್ಲೇ ಕಣ್ಣು ಮುಚ್ಚುತ್ತದೆ. ಮಲಗಿದ್ದಾಗ ಯಾವಾಗ ಏಳುತ್ತೇನೆ ಎಂದಿದ್ದವಳು ಈಗ ಒಮ್ಮೆ ಮಲಗಿದರೆ ಸಾಕು ಎನ್ನುತ್ತಿದ್ದೇನೆ.

ನಿನ್ನೆ ತಾರಾನಾಥರು ಬಂದರು. ಬೊಂಬಾಯಿಯಿಂದ ಬಜಪೆಗೆ ವಿಮಾನ, ಬಜಪೆಯಿಂದ ಟ್ಯಾಕ್ಸಿ. ಸೊರಗಿದ್ದಾರೆ. ನಾನು ಬೈಯಬೇಕೆಂದು ಎಷ್ಟೋ ದಿನದಿಂದ ಜೋಡಿಸಿ ಇಟ್ಟುಕೊಂಡಿದ್ದ ಮಾತುಗಳಿದ್ದವು. ಅವರು ಬಾಗಿಲ ಹತ್ತಿರ ಸೂಟ್‌ಕೇಸು ಹಿಡಿದು, ಒಳಗೆ ಬರಬಹುದಾ ಎಂದು ಕೇಳುವವರಂತೆ ನಿಂತಿದ್ದರು. "ಕೈಕಾಲು ತೊಳೆದು ಬನ್ನಿ" ಎಂದೆ, ಅಷ್ಟೆ. ಬೈಯಲು ಎಚ್ಚರ ಇರಬೇಕಲ್ಲ.

ನಿನ್ನೆಯಿಂದ ಅವರು ಮಗುವನ್ನು ದೂರದಿಂದಲೇ ನೋಡುತ್ತಿದ್ದರು. ಇವತ್ತು ಮಧ್ಯಾಹ್ನ ಮಾಮಿ ಅದನ್ನು ಎತ್ತಿ ತಂದರು.

"ಕೂತುಕೋ."

"ಬೇಡ ಅಮ್ಮ. ನನಗೆ ಗೊತ್ತಾಗುದಿಲ್ಲ. ಎಂತಾದ್ರೂ ಆದ್ರೆ..."

"ಆದದ್ದೆಲ್ಲ ಆಯ್ತು. ಕೂತುಕೋ. ಕುತ್ತಿಗೆಗೆ ಕೈ ಕೊಡು."

ಮಡಿಲಿಗೆ ಹಾಕಿಯೇ ಬಿಟ್ಟರು. ತಾರಾನಾಥರು ಗೋಡೆಗೆ ಒರಗಿ ಉಸಿರು ಹಿಡಿದು ಕೂತರು. ಮಗು ಅವರ ಶರ್ಟಿನ ಅಂಚನ್ನು ಹಿಡಿದು ಹಾಗೇ ನಿದ್ದೆ ಹೋಯಿತು. ಮಾಮಿ ನನ್ನ ಕಡೆ ತಿರುಗಿ, "ನೀನು ಹೋಗಿ ಸ್ವಲ್ಪ ಮಲಗು. ಹಾಲಿನ ಹೊತ್ತಿಗೆ ನಾನಿದ್ದೇನೆ" ಎಂದರು. ಒಳಕೋಣೆಗೆ ಹೋಗಿ, ಇಟ್ಟಿಗೆ ಇಲ್ಲದ ಮಂಚದ ಮೇಲೆ, ಸೀರೆ ಕೂಡ ಸರಿಮಾಡಿಕೊಳ್ಳದೆ ಬಿದ್ದುಕೊಂಡೆ.

ಎದ್ದಾಗ ಕತ್ತಲಾಗಿತ್ತು. ಗಾಬರಿಯಾಗಿ ಚಾವಡಿಗೆ ಓಡಿದೆ. ದೇವರ ದೀಪ ಹಚ್ಚಿ ಆಗಿತ್ತು. ಮಾಮಿ ಚಮಚ, ಬಟ್ಟಲು ತೊಳೆದು ಕವುಚಿ ಹಾಕುತ್ತಿದ್ದರು. ತಾರಾನಾಥರು ಅದೇ ಗೋಡೆಗೆ ಒರಗಿ, ಕಾಲು ಜೋಮು ಹಿಡಿದು, ಮುಖ ಹಿಂಡಿಕೊಂಡು, ಆದರೆ ಅಲುಗಾಡದೆ ಕೂತಿದ್ದರು. ಮಗು ಮಲಗಿತ್ತು.

"ಶ್" ಎಂದರು ನನಗೆ.

ಅಷ್ಟು ಹೊತ್ತು ಯಾರೂ ನನ್ನನ್ನು ಎಬ್ಬಿಸಿರಲಿಲ್ಲ.